ಮಧ್ಯಾಹ್ನ ಒಂದೂವರೆಯ ಫೋನು: ವೈದ್ಯರ ಸಂಘದ ಕಚೇರಿಯಲ್ಲಿ ನನ್ನ ಕೆಲಸ

(ಕಾರವಾರದ ಪದವಿ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ನನ್ನ ಕೆಲಸದ ಹೆಸರು ಎಕ್ಸಿಕ್ಯುಟಿವ್ ಅಸಿಸ್ಟೆಂಟ್. ನೇಮಕದ ಪತ್ರದಲ್ಲಿ ಹಾಗೆ ಬರೆದಿದೆ. ಊರಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ನಮ್ಮ ಅತ್ತೆ ಕೇಳಿದವರಿಗೆಲ್ಲ 'ಡಾಕ್ಟರ ಸಂಘದಲ್ಲಿ ಕೆಲಸ' ಅನ್ನುತ್ತಾರೆ. ಕೇಳಿದವರು ಮಂಡಿನೋವಿಗೆ ಯಾವ ಮಾತ್ರೆ ಒಳ್ಳೆಯದು ಅಂತ ನನ್ನ ಹತ್ತಿರ ವಿಚಾರಿಸುತ್ತಾರೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಅಂಕೋಲಾದಲ್ಲಿ ಬಿ.ಕಾಂ. ಮುಗಿಸಿದವಳು. 18 ವರ್ಷದಿಂದ ನಮ್ಮ ಜಿಲ್ಲೆಯ ವೈದ್ಯರ ಸಂಘವೊಂದರ ಕಚೇರಿ ನೋಡಿಕೊಳ್ಳುತ್ತಿದ್ದೇನೆ.

ಆಸ್ಪತ್ರೆ ಬೇರೆ, ಸಂಘ ಬೇರೆ. ಭಾರತೀಯ ವೈದ್ಯಕೀಯ ಸಂಘದ ಹೆಸರು ನೀವು ಕೇಳಿರುತ್ತೀರಿ. 1928ರಲ್ಲಿ ಹುಟ್ಟಿದ್ದು, ಊರೂರಲ್ಲಿ ಶಾಖೆಗಳಿವೆ. ಅದಲ್ಲದೆ ಮಕ್ಕಳ ವೈದ್ಯರದ್ದು, ಹೆರಿಗೆ ವೈದ್ಯರದ್ದು, ದಂತವೈದ್ಯರದ್ದು ಅಂತ ಬೇರೆ ಬೇರೆ ಸಂಘಗಳೂ ಇವೆ. ನಾನು ಯಾವುದರಲ್ಲಿದ್ದೇನೆ ಅನ್ನುವುದು ಇವತ್ತು ಬೇಡ. ಕೆಲಸ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ವೈದ್ಯರಿಗೆ ಹೊಸ ಚಿಕಿತ್ಸೆಗಳ ಬಗ್ಗೆ ಉಪನ್ಯಾಸ ಇಡಿಸುವುದು, ಸರ್ಕಾರಕ್ಕೆ ಅವರ ಅಹವಾಲು ಮುಟ್ಟಿಸುವುದು, ಹಳ್ಳಿಗಳಲ್ಲಿ ಆರೋಗ್ಯ ಶಿಬಿರ ನಡೆಸುವುದು.

ನಮ್ಮ ರಾಜ್ಯದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಕೆಳಗೆ ನೋಂದಣಿ ಆಗಿರುತ್ತವೆ. ಲಾಭ ಹಂಚಿಕೊಳ್ಳುವ ಹಾಗಿಲ್ಲ. ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು, ಲೆಕ್ಕ ಆಡಿಟ್ ಆಗಬೇಕು, ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ನಮ್ಮಲ್ಲಿ ಅಧ್ಯಕ್ಷರಿಗೆ ಸಂಬಳ ಇಲ್ಲ. ಕಾರ್ಯದರ್ಶಿಗೂ ಇಲ್ಲ, ಖಜಾಂಚಿಗೂ ಇಲ್ಲ. ಸಂಬಳ ಇರುವುದು ನನಗೆ, ಮತ್ತೆ ಬಾಗಿಲು ತೆಗೆದು ಕಸ ಗುಡಿಸುವ ಅಕ್ಕನಿಗೆ. ಅಂದರೆ ನನ್ನ ಮೇಲಿನವರೆಲ್ಲ ಬೇರೆ ಕೆಲಸ ಇರುವವರು. ಆ ಬೇರೆ ಕೆಲಸ ಏನು ಅಂದರೆ ರೋಗಿ ನೋಡುವುದು.

ಇದು ನನಗೆ ಮೊದಲನೇ ದಿನವೇ ಗೊತ್ತಿತ್ತು, ಆದರೆ ಅರ್ಥ ಆಗಿರಲಿಲ್ಲ. ಅರ್ಥ ಆದ ದಿನದ ಕಥೆ ಹೇಳುತ್ತೇನೆ.

ಕೆಲಸಕ್ಕೆ ಸೇರಿ ಮೂರ್ನಾಲ್ಕು ತಿಂಗಳಾಗಿತ್ತು. ಏನೇ ಇದ್ದರೂ ಅಧ್ಯಕ್ಷರಿಗೆ ಫೋನ್ ಮಾಡುತ್ತಿದ್ದೆ. ಕಾರ್ಯಕ್ರಮಕ್ಕೆ ಕುರ್ಚಿ ಎಷ್ಟು ಹೇಳಲಿ, ಬ್ಯಾನರ್‌ನಲ್ಲಿ ಯಾರ ಹೆಸರು ಮೊದಲು ಬರಲಿ, ಊಟಕ್ಕೆ ಹೋಳಿಗೆಯೋ ಪಾಯಸವೋ. ಅವರು ಒಳ್ಳೆಯವರು, ಪ್ರತಿ ಸಲ ಉತ್ತರ ಕೊಡುತ್ತಿದ್ದರು. ಒಂದು ದಿನ ಚೆಕ್ಕಿಗೆ ಸಹಿ ಬೇಕಾಗಿತ್ತು. ನಾನೇ ಅವರ ಕ್ಲಿನಿಕ್ಕಿಗೆ ಹೋದೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಹೊರಗೆ ಬೆಂಚು ತುಂಬಿತ್ತು, ಕೆಲವರು ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ಪಕ್ಕ ಒಬ್ಬ ಹೆಂಗಸು, ಮಡಿಲಲ್ಲಿ ಎರಡು ವರ್ಷದ ಮಗು. ಮಗುವಿನ ಹಣೆಗೆ ಒದ್ದೆ ಕರವಸ್ತ್ರ ಹಾಕಿದ್ದಳು. ಅದು ಒಣಗಿದ ಹಾಗೆ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದಳು. ಯಾವ ಊರು ಅಂದೆ. ಜೊಯಿಡಾ ಕಡೆ ಅಂದಳು. ಮೊದಲ ಬಸ್ಸಿಗೆ ಅಣಶಿ ಘಟ್ಟ ಇಳಿದು ಬಂದಿದ್ದಾಳೆ. ವಾಪಸ್ ಬಸ್ಸು ತಪ್ಪಿದರೆ ರಾತ್ರಿ ಉಳಿಯಲು ಇಲ್ಲಿ ಯಾರೂ ಇಲ್ಲ. ಕೈಯಲ್ಲಿ ಚೀಟಿ, ನಂಬರು 23.

ಒಳಗಿನ ಬಾಗಿಲು ಸ್ವಲ್ಪ ತೆರೆದಿತ್ತು. ಡಾಕ್ಟರು ಒಬ್ಬ ಅಜ್ಜನ ಎದೆಗೆ ಸ್ಟೆತಾಸ್ಕೋಪ್ ಇಟ್ಟಿದ್ದರು. ಫೋನ್ ಬಂತು. ಅವರು ಸ್ಟೆತಾಸ್ಕೋಪ್ ಕಿವಿಯಿಂದ ತೆಗೆದು, ಫೋನ್ ಎತ್ತಿ, ಸಂಘದ ಮತ್ತೊಬ್ಬ ಸದಸ್ಯರಿಗೆ ಸಭಾಂಗಣದ ಬಾಡಿಗೆ ಬಗ್ಗೆ ವಿವರಿಸಿದರು. ನಾಲ್ಕು ನಿಮಿಷ. ಅಜ್ಜ ಅಂಗಿ ಎತ್ತಿಕೊಂಡು ಹಾಗೇ ಕೂತಿದ್ದ. ಹೊರಗೆ ಈ ತಾಯಿ ಕರವಸ್ತ್ರ ಒದ್ದೆ ಮಾಡುತ್ತಿದ್ದಳು. ಆ ಸದಸ್ಯರಿಗೆ ಬಾಡಿಗೆ ಗೊತ್ತಿರಲಿಲ್ಲ, ಯಾಕಂದರೆ ನಾನು ತಿಳಿಸಿರಲಿಲ್ಲ. ಆ ನಾಲ್ಕು ನಿಮಿಷ ನನ್ನದು. ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಸಹಿ ಹಾಕಿಸದೆ ಎದ್ದು ಬಂದೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಡಾಕ್ಟರ ಹೆಸರಿನ ಮುಂದೆ ಅವರು ಸಿಗುವ ಹೊತ್ತು. ಅಧ್ಯಕ್ಷರು ಬೆಳಗಿನ ಒಪಿಡಿ ಮುಗಿಸಿ ಮಧ್ಯಾಹ್ನ ಒಂದೂವರೆಗೆ ಕೈ ತೊಳೆಯುತ್ತಾರೆ. ಊಟಕ್ಕೆ ಕೂರುವ ಮೊದಲು ಹತ್ತು ನಿಮಿಷ ಸಿಗುತ್ತಾರೆ. ಸರ್ಜನ್ ಒಬ್ಬರಿದ್ದಾರೆ, ಬೆಳಿಗ್ಗೆ ಏಳಕ್ಕೆ ಕಡಲ ತೀರದಲ್ಲಿ ನಡೆಯುವಾಗ ಮಾತ್ರ ಫೋನ್ ಎತ್ತುತ್ತಾರೆ. ಹೆರಿಗೆ ಡಾಕ್ಟರಿಗೆ ಹೊತ್ತು ಅಂತಲೇ ಇಲ್ಲ. ಅವರಿಗೆ ಮೆಸೇಜ್ ಹಾಕಿ ಕಾಯಬೇಕು. ಆಮೇಲೆ ಪ್ರಶ್ನೆಗಳನ್ನು ಕೂಡಿಸಿಟ್ಟುಕೊಳ್ಳಲು ಕಲಿತೆ. ದಿನದಲ್ಲಿ ಏಳೆಂಟು ಪ್ರಶ್ನೆ ಬಂದರೆ ಐದನ್ನು ನಾನೇ ಬಗೆಹರಿಸಬಹುದು. ಉಳಿದ ಮೂರನ್ನು 'ಹೂಂ', 'ಬೇಡ' ಅಂತ ಒಂದೇ ಮಾತಿನಲ್ಲಿ ಮುಗಿಯುವ ಹಾಗೆ ಕೇಳಬೇಕು. 'ಸರ್, ಸಭಾಂಗಣದ ವಿಷಯ ಏನು ಮಾಡೋಣ' ಅಂತ ಕೇಳಿದರೆ ಹತ್ತು ನಿಮಿಷ ಹೋಗುತ್ತದೆ. 'ಸರ್, ಎರಡು ಹಾಲ್ ನೋಡಿದೆ. ಮೊದಲನೆಯದು ಅಗ್ಗ, ಆದರೆ ಜನರೇಟರ್ ಇಲ್ಲ. ಮಳೆಗಾಲ ಅಲ್ವಾ, ಎರಡನೆಯದನ್ನೇ ಹಿಡಿಯಲಾ' ಅಂದರೆ 'ಹಿಡಿಯಿರಿ' ಅಂತ ಮುಗಿಯಿತು.

ಜನ ಈ ಕೆಲಸವನ್ನು ಟೈಪಿಂಗ್ ಕೆಲಸ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ಹೊತ್ತು ಉಳಿಸಿ ಕೊಡುವ ಕೆಲಸ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೆಲೆ ಜಾಸ್ತಿ. 12 ತಾಲೂಕು, ನಡುವೆ ಘಟ್ಟ, ಕಾಡು, ಹೊಳೆ. ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲಾಂದ್ರೆ ಗೋವಾ ಅಂತ ನಾವೆಲ್ಲ ಓಡಿದವರೇ. ಒಳ್ಳೆ ಆಸ್ಪತ್ರೆ ಬೇಕು ಅಂತ ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಅಭಿಯಾನವನ್ನೂ ಮಾಡಿದ್ದೀರಿ. ಇಲ್ಲಿ ಒಬ್ಬ ಡಾಕ್ಟರ ಒಂದು ಗಂಟೆ ಸುಮ್ನೆ ಪೋಲಾಗುವುದನ್ನು ನನ್ನ ಕೈಲಿ ನೋಡಲಾಗುವುದಿಲ್ಲ.

ಇನ್ನು ನಡಾವಳಿ. ಸಭೆಯಲ್ಲಿ ಏನಾಯಿತು ಅಂತ ಬರೆಯುವ ಪುಸ್ತಕ. ನಾನು ಬರುವ ಮೊದಲಿನ ಪುಟಗಳಲ್ಲಿ ಎಲ್ಲ ಕಡೆ ಒಂದೇ ಸಾಲು: 'ವಿಷಯವನ್ನು ಸುದೀರ್ಘವಾಗಿ ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.' ಯಾರು ಮಾಡಬೇಕು? ಯಾವಾಗ? ಎಷ್ಟು ದುಡ್ಡಿನಲ್ಲಿ? ಒಂದೂ ಇಲ್ಲ. ಅದಕ್ಕೇ ಮುಂದಿನ ಸಭೆಯಲ್ಲಿ ಅದೇ ಚರ್ಚೆ ಮತ್ತೆ. ಹದಿನೈದು ಡಾಕ್ಟರು ಎರಡು ಗಂಟೆ ಕೂತರೆ ಮೂವತ್ತು ಗಂಟೆ ಹೋಯಿತು ಅಲ್ವಾ? ಈಗ ನಾನು ಹೀಗೆ ಬರೆಯುತ್ತೇನೆ: 'ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಬಗ್ಗೆ ತಿಳಿವಳಿಕೆ ಸಭೆ. ಡಿಸೆಂಬರ್ ಎರಡನೇ ಭಾನುವಾರ. ಮಾತಾಡುವವರು ಇಂಥವರು. ಕರಪತ್ರ ಅಚ್ಚು ಹಾಕಿಸುವುದು ಕಚೇರಿ. ಖರ್ಚು 8,000 ರೂಪಾಯಿ ಮೀರಬಾರದು.' ಡಿಸೆಂಬರ್ ಯಾಕೆ ಅಂದರೆ ಆ ಕಾಯಿಲೆಯ ಕಾಲ ಶುರುವಾಗುವುದು ಆಗ. ಜನ ಸೊಪ್ಪು, ದರಕು ಅಂದರೆ ಒಣ ಎಲೆ ತರಲು ಕಾಡಿಗೆ ಹೋಗುತ್ತಾರೆ, ಕಾಯಿಲೆ ಹರಡುವ ಉಣುಗು ಹತ್ತುತ್ತದೆ. ಮಾರ್ಚಿನಲ್ಲಿ ಕರಪತ್ರ ಹಂಚಿದರೆ ಏನು ಬಂತು?

ಬ್ಯಾಂಕಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪದಾಧಿಕಾರಿಗಳು ಬದಲಾದಾಗಲೆಲ್ಲ ಖಾತೆಯ ಸಹಿ ಬದಲಾಗಬೇಕು. ಠರಾವಿನ ಪ್ರತಿ, ಫೋಟೋ, ಆಧಾರ್, ಪ್ಯಾನ್, ಹಳಬರ ಸಹಿ, ಹೊಸಬರ ಸಹಿ. ಬ್ಯಾಂಕಿಗೆ ಎಡತಾಕಿ ಎಡತಾಕಿ ಸುಸ್ತಾದ ಮೇಲೆ ಒಂದು ದಾರಿ ಕಂಡುಕೊಂಡೆ. ಪದಗ್ರಹಣದ ದಿನ ಎಲ್ಲರೂ ಒಂದೇ ಹಾಲ್‌ನಲ್ಲಿ ಇರುತ್ತಾರೆ. ಊಟಕ್ಕೆ ಎಲೆ ಹಾಕುವ ಮೊದಲು ನಾನು ಫೈಲ್ ಹಿಡಿದು ನಿಂತಿರುತ್ತೇನೆ. ಸಹಿ ಹಾಕಿದವರಿಗೇ ಊಟ ಅಂತ ಈಗ ಎಲ್ಲರಿಗೂ ಗೊತ್ತು.

ನನ್ನಿಂದ ಆದ ದೊಡ್ಡ ತಪ್ಪು ಒಂದಿದೆ. ಅದನ್ನು ಹೇಳದೆ ಹೋದರೆ ಈ ಮಾತು ಅರ್ಧ.

ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಡಾಕ್ಟರುಗಳ ನೋಂದಣಿ ಇರುತ್ತದೆ. ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ 30 ಕ್ರೆಡಿಟ್ ಗಂಟೆ ಬೇಕು. ಅಂದರೆ ಪರಿಷತ್ತು ಒಪ್ಪಿದ ಉಪನ್ಯಾಸಗಳಿಗೆ ಹೋಗಿ ಕೂರಬೇಕು. ಇವುಗಳಿಗೆ ಸಿಎಂಇ ಅನ್ನುತ್ತಾರೆ. ಬೆಂಗಳೂರಿನವರಿಗೆ ಇದು ಕಷ್ಟವಲ್ಲ. ನಮ್ಮ ಕಡೆಯವರು ಕ್ಲಿನಿಕ್ ಮುಚ್ಚಿ ಊರು ಬಿಟ್ಟು ಹೋಗಬೇಕು. ಆದ್ದರಿಂದ ನಾವೇ ಇಲ್ಲಿ ಮಾಡಿದರೆ ಎಲ್ಲರಿಗೂ ಅನುಕೂಲ. ಆದರೆ ಕ್ರೆಡಿಟ್ ಸಿಗಬೇಕಾದರೆ ಮೊದಲೇ ಪರಿಷತ್ತಿಗೆ ಅರ್ಜಿ ಹಾಕಬೇಕು. ವಿಷಯ ಏನು, ಮಾತಾಡುವವರು ಯಾರು, ಅವರ ಓದು ಏನು, ಎಷ್ಟು ಗಂಟೆ, ಎಲ್ಲ ಬರೆಯಬೇಕು.

ಶಿರಸಿಯಲ್ಲಿ ಒಂದು ಭಾನುವಾರ ಕಾರ್ಯಕ್ರಮ ಇಟ್ಟೆವು. ಹಾಲ್ ಹಿಡಿದೆ, ಹುಬ್ಬಳ್ಳಿಯಿಂದ ಬರುವ ಡಾಕ್ಟರಿಗೆ ಕಾರು ಹೇಳಿದೆ, ಊಟ ಹೇಳಿದೆ, ಆಮಂತ್ರಣ ಕಳಿಸಿದೆ. ಅರ್ಜಿಯನ್ನು ಟೈಪ್ ಮಾಡಿ ಇಟ್ಟಿದ್ದೆ, ಕಳಿಸಿರಲಿಲ್ಲ. ಮಾತಾಡುವವರೊಬ್ಬರ ವಿವರ ಬರುವುದಿತ್ತು, ಬಂದ ಮೇಲೆ ಕಳಿಸೋಣ ಅಂತ. ವಿವರ ಬಂತು. ನಾನು ಮರೆತೆ. ಕಾರ್ಯಕ್ರಮದ ಹಿಂದಿನ ಶುಕ್ರವಾರ ಸಂಜೆ ಫೈಲ್ ಜೋಡಿಸುವಾಗ ಆ ಅರ್ಜಿ ಕೈಗೆ ಸಿಕ್ಕಿತು. ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಕಾಲ ಮೀರಿತ್ತು.

ಅಧ್ಯಕ್ಷರಿಗೆ ಆ ರಾತ್ರಿಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬರುವವರಿಗೆ ಮೊದಲೇ ಹೇಳಿಬಿಡಿ, ಬಂದ ಮೇಲೆ ಗೊತ್ತಾಗಬಾರದು' ಅಂದರು. ಶನಿವಾರ ಪೂರ್ತಿ ಒಬ್ಬೊಬ್ಬರಿಗೆ ಫೋನ್ ಮಾಡಿ, ಕ್ರೆಡಿಟ್ ಇಲ್ಲ, ತಪ್ಪು ನನ್ನದು ಅಂತ ಹೇಳಿದೆ. ಹೆಚ್ಚಿನವರು ಆದರೂ ಬರುತ್ತೇವೆ ಅಂದರು. ಸಿದ್ದಾಪುರ ಕಡೆಯ ಹಿರಿಯರೊಬ್ಬರು ಮಾತ್ರ ಏನೂ ಹೇಳಲಿಲ್ಲ. ಅವರ ನವೀಕರಣ ಹತ್ತಿರ ಬಂದಿತ್ತು, ಇದನ್ನೇ ನಂಬಿದ್ದರು. ಎರಡು ತಿಂಗಳ ಮೇಲೆ ಅವರು ಎರಡು ದಿನ ಕ್ಲಿನಿಕ್ ಮುಚ್ಚಿ ಬೆಂಗಳೂರಿಗೆ ಹೋಗಿ ಬಂದರು. ಆ ಎರಡು ದಿನ ಅವರ ಬಾಗಿಲಿಗೆ ಬಂದು ವಾಪಸ್ ಹೋದವರು ಯಾರೋ ನನಗೆ ಗೊತ್ತಿಲ್ಲ. ಈಗಲೂ ನೆನಪಾಗುತ್ತದೆ. ಈಗ ನಮ್ಮ ಕಚೇರಿಯಲ್ಲಿ ಪರಿಷತ್ತಿನ ಒಪ್ಪಿಗೆ ಕೈಗೆ ಬರುವ ತನಕ ಹಾಲ್‌ಗೆ ಮುಂಗಡ ಕೊಡುವುದಿಲ್ಲ, ಆಮಂತ್ರಣ ಅಚ್ಚಿಗೆ ಹೋಗುವುದಿಲ್ಲ.

2024ರ ಜುಲೈ 16 ನಿಮಗೆಲ್ಲ ನೆನಪಿದೆ. ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಮುಚ್ಚಿತು. ನಾನು ಆ ಕಡೆಯವಳೇ, ಆ ಗುಡ್ಡದ ಕೆಳಗೆ ಚಹಾ ಕುಡಿದವಳು. ಆ ದಿನಗಳ ದುಃಖ ಇಲ್ಲಿ ಹೇಳಿ ಮುಗಿಯುವುದಲ್ಲ. ನನ್ನ ಕೆಲಸಕ್ಕೆ ಸಂಬಂಧಪಟ್ಟಷ್ಟು ಹೇಳುತ್ತೇನೆ. ಅಂಕೋಲಾಕ್ಕೂ ಕುಮಟಾಕ್ಕೂ ಮುಕ್ಕಾಲು ಗಂಟೆಯ ದಾರಿ. ಒಂದೇ ದಿನದಲ್ಲಿ ಅವು ಬೇರೆ ಬೇರೆ ದೇಶ ಆದ ಹಾಗಾಯಿತು.

ಮಾರನೇ ದಿನ ಕೂತು ಯೋಚಿಸಿದೆ. ನಮ್ಮ ಸಣ್ಣ ಆಸ್ಪತ್ರೆಗಳಲ್ಲಿ ಅರಿವಳಿಕೆ ಡಾಕ್ಟರು ಸ್ವಂತಕ್ಕೆ ಇರುವುದಿಲ್ಲ. ಒಬ್ಬರೇ ಮೂರು ನಾಲ್ಕು ಆಸ್ಪತ್ರೆಗೆ ಓಡಾಡುತ್ತಾರೆ. ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ. ಅವರಿಲ್ಲದೆ ಸಿಸೇರಿಯನ್ ಇಲ್ಲ, ಅಪೆಂಡಿಕ್ಸ್ ಇಲ್ಲ. ಈಗ ಅವರು ಯಾವ ಬದಿ ಸಿಕ್ಕಿಕೊಂಡಿದ್ದಾರೆ? ಸದಸ್ಯರ ಪಟ್ಟಿ ತೆಗೆದು ಬೆಳಿಗ್ಗೆಯಿಂದ ಫೋನ್ ಮಾಡಿದೆ. ಒಂದು ಹಾಳೆಗೆ ನಡುವೆ ಗೆರೆ ಎಳೆದೆ. ಎಡಗಡೆ 'ಗುಡ್ಡದ ಈಚೆ', ಬಲಗಡೆ 'ಗುಡ್ಡದ ಆಚೆ'. ಅರಿವಳಿಕೆ, ಹೆರಿಗೆ, ಮಕ್ಕಳು, ಎಲುಬು, ಒಬ್ಬೊಬ್ಬರ ಹೆಸರು, ರಾತ್ರಿ ಸಿಗುವ ನಂಬರು. ಸಂಜೆಯೊಳಗೆ ಆ ಹಾಳೆಯ ಫೋಟೋ ಎಲ್ಲ ಆಸ್ಪತ್ರೆಗಳ ಮೊಬೈಲಿಗೆ ಹೋಯಿತು.

ಮೂರನೇ ರಾತ್ರಿ ಅಂಕೋಲಾ ಬದಿಯಿಂದ ಫೋನ್ ಬಂತು. ಹೆರಿಗೆ ಕಷ್ಟವಾಗಿದೆ, ಯಾವಾಗಲೂ ಬರುವ ಅರಿವಳಿಕೆ ಡಾಕ್ಟರು ಆಚೆ ಇದ್ದಾರೆ. ಎಡಗಡೆಯ ಕಾಲಂನಲ್ಲಿ ಇದ್ದದ್ದು ಎರಡೇ ಹೆಸರು. ಮೊದಲನೆಯವರು ಬೇರೆ ಆಪರೇಷನ್‌ನಲ್ಲಿ. ಎರಡನೆಯವರು ಕಾರವಾರದಿಂದ ಮಳೆಯಲ್ಲೇ ಹೊರಟರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ಬೆಳಿಗ್ಗೆ ಮೆಸೇಜ್ ನೋಡಿ ನಾನು ಅಡಿಗೆಮನೆಯಲ್ಲಿ ನಿಂತು ಅತ್ತೆ. ಆ ಹಾಳೆ ಈಗಲೂ ನನ್ನ ಡ್ರಾಯರಿನಲ್ಲಿದೆ. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೆ ಸೇತುವೆ ಕುಸಿದಾಗ ಅದಕ್ಕೆ ಮೂರನೇ ಕಾಲಂ ಸೇರಿಸಿದೆ, 'ಸದಾಶಿವಗಡದ ಬದಿ' ಅಂತ. ಈಗ ಪ್ರತಿ ಮೇ ಕೊನೆಗೆ, ಮಳೆ ಶುರುವಾಗುವ ಮೊದಲು ಆ ಪಟ್ಟಿ ಹೊಸದಾಗಿ ಮಾಡುತ್ತೇನೆ. ಯಾರೂ ಹೇಳಿಲ್ಲ, ಯಾವ ಠರಾವಿನಲ್ಲೂ ಇಲ್ಲ.

ಅದೇ ಆಗಸ್ಟಿನಲ್ಲಿ ಇನ್ನೊಂದು. ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ತರುಣ ವೈದ್ಯೆಯನ್ನು ಕೊಂದರಲ್ಲ, ಅದನ್ನು ಖಂಡಿಸಿ ಆಗಸ್ಟ್ 17ರ ಬೆಳಿಗ್ಗೆ ಆರರಿಂದ 24 ಗಂಟೆ ದೇಶದ ತುಂಬ ವೈದ್ಯರು ಕೆಲಸ ನಿಲ್ಲಿಸಿದರು. ತುರ್ತು ಸೇವೆ ಇತ್ತು. ಪತ್ರಿಕಾ ಪ್ರಕಟಣೆ ನಾನು ಬರೆಯಬೇಕಾಗಿತ್ತು. ಮೊದಲು ಬರೆದ ಸಾಲು: 'ಜಿಲ್ಲೆಯಲ್ಲಿ 24 ಗಂಟೆ ವೈದ್ಯಕೀಯ ಸೇವೆ ಸ್ಥಗಿತ.' ಕೆಳಗೆ ಮೂರನೇ ಸಾಲಿನಲ್ಲಿ ತುರ್ತು ಸೇವೆ ಇದೆ ಅಂತ. ಓದಿ ನೋಡಿದೆ. ವಾಟ್ಸಾಪಿನಲ್ಲಿ ಮೂರನೇ ಸಾಲು ಯಾರು ಓದುತ್ತಾರೆ? ಎದೆನೋವು ಬಂದವರು ಮನೆಯಲ್ಲೇ ಕೂತರೆ? ಹರಿದು ಮತ್ತೆ ಬರೆದೆ: 'ತುರ್ತು ಚಿಕಿತ್ಸೆ, ಹೆರಿಗೆ, ಅಪಘಾತಕ್ಕೆ ಆಸ್ಪತ್ರೆ ತೆರೆದಿರುತ್ತದೆ. ಹೊರರೋಗಿ ತಪಾಸಣೆ ಮಾತ್ರ ಶನಿವಾರ ಇರುವುದಿಲ್ಲ.' ಕಾರಣ ಅದರ ಕೆಳಗೆ. ಒಬ್ಬ ಸದಸ್ಯರು, ಹೀಗೆ ಬರೆದರೆ ಪ್ರತಿಭಟನೆಯ ಕಾವು ಇಳಿಯುತ್ತದೆ ಅಂದರು. ನಾನು ಬದಲಾಯಿಸಲಿಲ್ಲ, ಕಾರ್ಯದರ್ಶಿಗಳು ನನ್ನ ಪರ ನಿಂತರು.

ಡಾಕ್ಟರ ಮೇಲೆ ದೂರು ಹೇಳಲು ಸಂಘಕ್ಕೆ ಫೋನ್ ಮಾಡುವವರೂ ಇದ್ದಾರೆ. ಹೊಸದರಲ್ಲಿ ನಾನು ಹೆದರುತ್ತಿದ್ದೆ, ಡಾಕ್ಟರ ಪರ ವಾದ ಮಾಡುತ್ತಿದ್ದೆ. ಅದು ತಪ್ಪು. ಅಳುತ್ತಿರುವವರ ಹತ್ತಿರ ಯಾರ ಪರವೂ ವಾದ ಮಾಡಬಾರದು. ಪೂರ್ತಿ ಕೇಳಬೇಕು. ಆಮೇಲೆ ದಾರಿ ಹೇಳಬೇಕು. ಸಂಘ ನ್ಯಾಯಾಲಯವಲ್ಲ. ವೈದ್ಯರ ನಡತೆ ಬಗ್ಗೆ ಇದ್ದರೆ ವೈದ್ಯಕೀಯ ಪರಿಷತ್ತಿಗೆ ಬರೆಯಬೇಕು. ಖಾಸಗಿ ಆಸ್ಪತ್ರೆಯ ದರ, ಸೌಕರ್ಯದ ಬಗ್ಗೆ ಇದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ. ಪರಿಹಾರ ಬೇಕಾದರೆ ಗ್ರಾಹಕರ ಆಯೋಗ. ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇದನ್ನೆಲ್ಲ ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ, ಕೇಳಿದವರಿಗೆ ಕೊಡುತ್ತೇನೆ. ನಮ್ಮ ಕಚೇರಿಯಿಂದಲೇ ಇದನ್ನು ಕೊಡಬೇಕಾ ಅಂತ ಸಭೆಯಲ್ಲಿ ಪ್ರಶ್ನೆ ಬಂದಿತ್ತು. ದಾರಿ ಗೊತ್ತಿಲ್ಲದ ಸಿಟ್ಟು ಆಸ್ಪತ್ರೆಯ ಗಾಜಿನ ಮೇಲೆ ಹೋಗುತ್ತದೆ, ಗೊತ್ತಿದ್ದರೆ ಅರ್ಜಿಯ ಮೇಲೆ ಹೋಗುತ್ತದೆ ಅಂದೆ. ಒಪ್ಪಿದರು.

ಒಬ್ಬ ನಿವೃತ್ತ ಮಾಸ್ತರರ ವಿಷಯ ನೆನಪಾಯಿತು. ಶಿಬಿರಕ್ಕೆ ದೇಣಿಗೆ ಅಂತ ಕರವಸ್ತ್ರದಲ್ಲಿ ಕಟ್ಟಿದ 5,000 ರೂಪಾಯಿ ಮೇಜಿನ ಮೇಲಿಟ್ಟರು. ನಾನು ನಿಯಮ ಹೇಳಿದೆ: 'ಮಾಸ್ತರೇ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಸಿಗುವುದಿಲ್ಲ, ಚೆಕ್ ಕೊಡಿ.' ಅವರು, 'ತಂಗಿ, ರಿಯಾಯಿತಿ ಯಾರಿಗೆ ಬೇಕು? ರಸೀದಿಯಲ್ಲಿ ನನ್ನ ಹೆಂಡತಿ ನೆನಪಿಗೆ ಅಂತ ಒಂದು ಸಾಲು ಬರೆದುಕೊಡು' ಅಂದರು. ರಸೀದಿ ಪುಸ್ತಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅಂಚಿನಲ್ಲಿ ಬರೆದು ಮೊಹರು ಹಾಕಿದೆ. ಮುಂದಿನ ರಸೀದಿ ಪುಸ್ತಕ ಅಚ್ಚು ಹಾಕಿಸುವಾಗ 'ಇವರ ನೆನಪಿಗೆ' ಅಂತ ಒಂದು ಗೆರೆ ಸೇರಿಸಿದೆವು. ಈಗ ಅನೇಕರು ಆ ಗೆರೆ ತುಂಬಿಸುತ್ತಾರೆ.

ಈಗ ನಿಮ್ಮಲ್ಲೊಬ್ಬ ಹುಡುಗಿ ಕೇಳಿದ ಪ್ರಶ್ನೆ. ಸಂಬಳ ಎಷ್ಟು, ಏನು ಕಲಿತಿರಬೇಕು ಅಂತ. ಸಂಬಳ ದೊಡ್ಡದಲ್ಲ. ಕಂಪನಿಯಲ್ಲಿ ಇದೇ ಕೆಲಸಕ್ಕೆ ಜಾಸ್ತಿ ಸಿಗುತ್ತದೆ. ಮನೆ ನಡೆಸಲು ಸಾಕಾಗದೆ ನಾನೂ ಎರಡು ಸಲ ಬಿಡಲು ಹೊರಟಿದ್ದೆ. ಕಲಿಯಬೇಕಾದದ್ದು: ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬರಲಿ. ಯುನಿಕೋಡ್ ಕನ್ನಡ ಟೈಪಿಂಗ್ ಬರಲಿ. ಜಿಲ್ಲಾಧಿಕಾರಿ ಕಚೇರಿಗೆ ಪತ್ರ ಕನ್ನಡದಲ್ಲಿ ಹೋಗಬೇಕು, ದೆಹಲಿಗೆ ಇಂಗ್ಲಿಷಿನಲ್ಲಿ. ಕಾರವಾರದಲ್ಲಿ ಫೋನ್ ಎತ್ತಿದರೆ ಕೊಂಕಣಿ, ಹಳಿಯಾಳದಿಂದ ಬಂದರೆ ಮರಾಠಿ. ನಿಮ್ಮಲ್ಲಿ ಅರ್ಧ ಜನಕ್ಕೆ ಮನೆಯಲ್ಲೇ ಇದು ಬರುತ್ತದೆ, ಅದನ್ನು ಅರ್ಜಿಯಲ್ಲಿ ಬರೆಯುವುದನ್ನು ಮರೆಯಬೇಡಿ.

ಬರುವ ಜುಲೈಯಿಂದ ನಮ್ಮ ಕಚೇರಿಗೆ ಇನ್ನೊಬ್ಬರು ಬೇಕು. ಅರ್ಜಿ ಕನ್ನಡದಲ್ಲಿ, ನಿಮ್ಮದೇ ಕೈಬರಹದಲ್ಲಿ, ಒಂದು ಪುಟ. ಆಯ್ಕೆಯಾದವರನ್ನು ಮೊದಲ ದಿನ ಕಂಪ್ಯೂಟರ್ ಮುಂದೆ ಕೂರಿಸುವುದಿಲ್ಲ. ಒಂದು ಬೆಳಿಗ್ಗೆ ಪೂರ್ತಿ ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ಕೂರಿಸುತ್ತೇನೆ. ಒಂದೂವರೆಗೆ ನನ್ನ ಹತ್ತಿರ ಬಂದು, ಯಾರು ಎಲ್ಲಿಂದ ಬಂದಿದ್ದರು, ಎಷ್ಟು ಹೊತ್ತು ಕಾದರು, ವಾಪಸ್ ಬಸ್ಸು ಯಾವುದು ಅಂತ ಹೇಳಬೇಕು.